ಕಾಳು ಒಡೆದು ನೋಡುವ ಚೌಡ

“ಕುಮುದಗಿರಿ ಸೀಮೆಯ ಜನರೆಲ್ಲ ಕೇಳಿ. ಮೂಡಣ ಗಡಿಯ ಹೆಬ್ಬಾಗಿಲಿಗೆ ಕಾವಲಿಗ ಬೇಕಾಗಿದ್ದಾನೆ. ರಾಣಿ ಚಂದಲದೇವಿಯವರ ಮೂರು ಒಗಟು ಬಿಡಿಸಿದವನಿಗೆ ಬಾಗಿಲಿನ ಮುದ್ರೆ, ಜೊತೆಗೆ ಕೇಳಿದ ವರ. ತಪ್ಪಿದವನಿಗೆ ಶೂಲ.”

ಊರೂರಲ್ಲಿ ಹೀಗೆ ಡಂಗುರ ಸಾರಿದರು. ಶಿಕ್ಷೆ ಇಷ್ಟು ಕಠಿಣವಾಗಲು ಕಾರಣವಿತ್ತು. ಹಳೆಯ ಕಾವಲಿಗ ತೀರಿಕೊಂಡ ಮೇಲೆ ದೊಡ್ಡ ಮನೆತನದವನೊಬ್ಬನನ್ನು ಅಲ್ಲಿ ಕೂರಿಸಿದ್ದರು. ಅವನು ಮೂಟೆ ಬಿಚ್ಚಿ ನೋಡದೆ ಗಾಡಿಗಳನ್ನು ಒಳಗೆ ಬಿಟ್ಟ. ಪರನಾಡಿನ ಬಿತ್ತನೆ ಜೋಳದ ಜೊತೆ ಬಂದ ಕಾಡಿಗೆ ರೋಗ ಹನ್ನೆರಡು ಹಳ್ಳಿಗಳ ತೆನೆಗಳನ್ನು ಕಪ್ಪು ಪುಡಿ ಮಾಡಿತು.

ಈ ಸುದ್ದಿ ತೆಂಕಣ ಗಡಿಯ ಸಣ್ಣ ಬಾಗಿಲಿಗೆ ಮುಟ್ಟಿದ್ದು ಎಂಟು ದಿನ ತಡವಾಗಿ. ಅಲ್ಲಿ ಚೌಡ ಒಂಬತ್ತು ವರ್ಷದಿಂದ ಒಬ್ಬನೇ ಇದ್ದ. ಬಂದ ಮೂಟೆಯಿಂದ ಹಿಡಿ ಕಾಳು ತೆಗೆದು ಮೂಸುವುದು, ಹಲ್ಲಿನಲ್ಲಿ ಒಡೆದು ನೋಡುವುದು, ಕೆಟ್ಟದ್ದನ್ನು ಸುಡುವುದು ಅವನ ಕೆಲಸ. ಸರಕು ಸುಡುವವನ ಹತ್ತಿರ ಯಾರಿಗೆ ಮಾತು ಬೇಕು? ಕೆಲವು ದಿನ ತನ್ನ ದನಿ ಕೇಳಿಸಿಕೊಳ್ಳಲೆಂದೇ ಅವನು ಗಾಡಿಯ ಎತ್ತುಗಳನ್ನು ಮಾತಾಡಿಸುತ್ತಿದ್ದ. ಸತ್ತರೂ ಸರಿ, ಒಂದು ದಿನವಾದರೂ ಜನರ ನಡುವೆ ನಿಂತ ಹಾಗಾಗುತ್ತದೆ ಎಂದುಕೊಂಡು ಬಾಗಿಲಿಗೆ ಅಗುಳಿ ಹಾಕಿ ಹೊರಟ.

ಅರಮನೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಮೊದಲು ಹೋದ ದಳವಾಯಿಯ ಮಗ ಕೈಕಟ್ಟಿಸಿಕೊಂಡು ಹೊರಬಂದ. “ಮೊದಲನೆಯದಕ್ಕೇ ಕೋಳಿಮರಿ ಎಂದನಂತೆ” ಎಂದ ಬಾಗಿಲ ಭಟ. ಕಾಳಿನ ವ್ಯಾಪಾರಿ ಪದುಮಶೆಟ್ಟಿ ಮೊದಲನೆಯದನ್ನು ಬಿಡಿಸಿ, ಎರಡನೆಯದಕ್ಕೆ ಚಾಡಿಮಾತು ಎಂದು ಹೇಳಿ ಸಿಕ್ಕಿಬಿದ್ದ. ಸಾಲಿನಲ್ಲಿದ್ದವರು ಮೆಲ್ಲಗೆ ಜಾರಿಕೊಂಡರು. ಚೌಡ ಒಬ್ಬನೇ ಉಳಿದ.

ರಾಣಿ ಕೇಳಿದಳು: “ಬಾಗಿಲಿಲ್ಲದ ಮನೆಯಲ್ಲಿ ಹುಟ್ಟಿ, ಮನೆಯನ್ನೇ ತಿಂದು ಬೆಳೆದು, ತಾನೇ ಬಾಗಿಲು ಕೊರೆದು ಹೊರಬರುತ್ತದೆ. ಏನದು?”

“ಕಾಳಿನೊಳಗಿನ ಹುಳು ತಾಯಿ. ಹೊರಗಿಂದ ಕಾಳು ಚೆನ್ನಾಗಿಯೇ ಕಾಣುತ್ತೆ. ಒಡೆದರೇ ಗೊತ್ತಾಗೋದು.”

“ಹಿಡಿಯಷ್ಟು ಬಂದರೆ ಊರೆಲ್ಲ ಹರಡುತ್ತದೆ. ಊರೆಲ್ಲ ಸೇರಿ ಕಿತ್ತರೂ ಹಿಡಿಯಷ್ಟು ಉಳಿಯುತ್ತದೆ.”

“ಕಳೆಯ ಬೀಜ. ಬಿತ್ತನೆ ಕಾಳಿನಲ್ಲಿ ಬೆರೆತು ಬರುತ್ತೆ. ಜರಡಿ ಹಿಡಿಯೋದು ಅದಕ್ಕೇ.”

ರಾಣಿ ಮೂರನೆಯದನ್ನು ಹೇಳಿದಳು: “ಊರವರ ತುತ್ತನ್ನೆಲ್ಲ ಅವನು ಮೊದಲು ಮುಟ್ಟುತ್ತಾನೆ, ಯಾರ ಪಂಕ್ತಿಯಲ್ಲೂ ಅವನಿಗೆ ಎಲೆಯಿಲ್ಲ. ಅವನ ಕೆಲಸ ಸರಿಯಾದರೆ ಏನೂ ಆಗುವುದಿಲ್ಲ. ಯಾರವನು?”

ಚೌಡನಿಗೆ ಉತ್ತರ ಗೊತ್ತಿತ್ತು. ಕೆಟ್ಟ ಕಾಳು ಸುಟ್ಟು ಸುಟ್ಟು ಕಪ್ಪಾದ ತನ್ನ ಅಂಗೈ ನೋಡಿಕೊಂಡ. ಭಟರು ಹತ್ತಿರ ಬಂದರು.

“ಗಡಿ ಕಾಯುವವನು” ಎಂದ ಕೊನೆಗೆ. “ಒಂಬತ್ತು ವರ್ಷ ಏನೂ ಆಗದ ಹಾಗೆ ನೋಡಿಕೊಂಡೆ ತಾಯಿ. ಅದಕ್ಕೇ ಅರಮನೆಯಿಂದ ಯಾರೂ ಆ ಕಡೆ ಬರಲಿಲ್ಲ.”

ರಾಣಿ ತಲೆ ತಗ್ಗಿಸಿದಳು. “ಇದು ನಾನು ಕಟ್ಟಿದ್ದಲ್ಲಪ್ಪ. ಮೂಡಣ ಬಾಗಿಲಿನ ಮುದುಕ ಕಾವಲಿಗ ಬರೆದು ಕಳಿಸಿದ್ದ. ನಾವು ಓದಿ ನಕ್ಕೆವು. ಅವನು ಸತ್ತು ನಾಲ್ಕು ದಿನವಾದ ಮೇಲೆ ಗಾಡಿಯವರು ನೋಡಿದರು. ವರ ಕೇಳು.”

“ಇವತ್ತು ಸಿಕ್ಕಿಬಿದ್ದರಲ್ಲ, ಆ ಇಬ್ಬರನ್ನು ನನಗೆ ಕೊಡಿ. ಒಬ್ಬನೇ ಇದ್ದರೆ ಜ್ವರ ಬಂದ ದಿನ ಮೂಟೆ ನೋಡೋರು ಯಾರು?” ಎಂದವನು ಮತ್ತೆ, “ಅದೊಂದೇ ಅಲ್ಲ ತಾಯಿ. ಮಾತಿಗೂ ಜನ ಬೇಕು” ಎಂದ.

ರಾಣಿ ಇಬ್ಬರನ್ನೂ ಬಿಡಿಸಿದಳು. ತೆಂಕಣ ಬಾಗಿಲಿಗೆ ಬೇರೆ ಇಬ್ಬರನ್ನು ನೇಮಿಸಿದಳು. ಚೌಡನಿಗೆ ಮುದ್ರೆಯ ಉಂಗುರ ತೊಡಿಸಿ, ಅರಮನೆಯ ಗಾಡಿಯನ್ನೂ ತಡೆಯುವ ಅಧಿಕಾರ ಕೊಟ್ಟಳು.

ಮೂಡಣ ಬಾಗಿಲಿನಲ್ಲಿ ಶೆಟ್ಟಿ ಕಾಳು ಒಡೆಯಲು ಕಲಿತ, ದಳವಾಯಿಯ ಮಗ ಜರಡಿ ಹಿಡಿದ. ಅಡುಗೆಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಇಬ್ಬರೂ ದಿನಾ ಜಗಳವಾಡುತ್ತಿದ್ದರು. ಚೌಡ ತುತ್ತು ಕೈಯಲ್ಲೇ ಹಿಡಿದು ಕೇಳುತ್ತ ಕೂರುತ್ತಿದ್ದ. ಜಗಳ ಬೇಗ ಮುಗಿದ ದಿನ, “ಸಾರಿಗೆ ಹುಳಿ ಹೇಗಿದೆ?” ಎಂದು ತಾನೇ ಕೇಳುತ್ತಿದ್ದ.