ಗೇಣುಗುಡ್ಡೆಗೆ ಆ ಹೆಸರು ಬಂದದ್ದು

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಜನರನ್ನು ಹೊಳೆ ದಾಟಿಸುವ ತಾರಿ ದೋಣಿ ಕಟ್ಟುವ ಜಾಗಕ್ಕೆ ತುಸು ದಕ್ಷಿಣದಲ್ಲಿ, ಚಿರೆಕಲ್ಲಿನ ಒಂದು ದಿಬ್ಬವಿದೆ. ಮೇಲೆ ಕುರುಚಲು ಗಿಡ, ಹೊಳೆಯ ಮಗ್ಗುಲಿಗೆ ಅಂಗಳದಷ್ಟು ಅಗಲದ ಕಲ್ಲುಹಾಸು. ಅಷ್ಟಮಿಯ ಸುಮಾರಿಗೆ ಬಂದವರಿಗೆ ನೀರು ಈ ಹಾಸಿನ ಬಹಳ ಕೆಳಗೆ ಜಡವಾಗಿ ಬಿದ್ದಿರುವುದು ಕಾಣುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅದೇ ನೀರು ಏರಿ ಬಂದು ಕಲ್ಲಿನ ಅಂಚನ್ನು ತೊಳೆದು ಹಿಂದಿರುಗುತ್ತದೆ. ತೆಂಗಿನ ಮರದ ಅರ್ಧಕ್ಕೆ ಬರುವ ಈ ದಿಬ್ಬವನ್ನು ಗೇಣುಗುಡ್ಡೆ ಎಂದು ಕರೆಯುವುದೇಕೆಂದು ಹೊಸಬರು ಕೇಳುತ್ತಾರೆ. ಗೇಣು ಗುಡ್ಡೆಯ ಅಳತೆಯಲ್ಲ, ನೀರಿನದು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ ಈ ತಾರಿಯನ್ನು ಬೀರಮ್ಮ ಎಂಬ ಅಂಬಿಗರ ಹೆಂಗಸು ನಡೆಸುತ್ತಿದ್ದಳಂತೆ. ಮದುವೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಗಂಡ ತೀರಿಕೊಂಡು, ದೋಣಿಯ ಹುಟ್ಟು ಅವಳ ಕೈಗೆ ಬಂದಿತ್ತು. ಹತ್ತಿದವರ ಭಾರ ಅವಳ ಅಂಗಾಲಿಗೇ ತಿಳಿಯುತ್ತಿತ್ತು. "ಶಾನುಭೋಗರೇ, ನಡುವೆ ಕೂತ್ಕೊಳ್ಳಿ, ಇವತ್ತು ಎಲ್ಲೋ ಪಾಯಸದ ಊಟ ಆದಂತಿದೆ" ಎಂದು ಯಾರ ಮುಲಾಜೂ ಇಲ್ಲದೆ ಹೇಳುತ್ತಿದ್ದಳು. ಒಂದು ವರ್ಷ ಮಹಾಲಯ ಅಮಾವಾಸ್ಯೆಯ ದಿನ ಸಮುದ್ರದ ಕಡೆಯಿಂದ ಭಾರಿ ಗಾಳಿ ಎದ್ದಿತು. ಮೊದಲೇ ಏರಿದ್ದ ನೀರನ್ನು ಗಾಳಿ ಇನ್ನಷ್ಟು ಒಳಗೆ ದೂಡಿತು. ಆಶ್ರಯ ಹುಡುಕಿ ಅಳಿವೆಗೆ ನುಗ್ಗಿದ ಒಂದು ಹಾಯಿಹಡಗು ಆ ನೀರಿನ ಮೇಲೆ ತೇಲುತ್ತ ಕಲ್ಲುಹಾಸಿನ ಮೇಲೆ ಬಂದು ಕೂತಿತು. ನೀರು ಇಳಿಯಿತು, ಹಡಗು ಇಳಿಯಲಿಲ್ಲ.

ಹಡಗಿನ ಯಜಮಾನ, ಹಡಗಿನವರ ಮಾತಿನಲ್ಲಿ ತಾಂಡೇಲ, ಕಛ್ ಸೀಮೆಯ ವಾಲಜಿ ಎಂಬವನು. ಅವನ ಆಳುಗಳು ತೆಂಗಿನಕಾಯಿಯ ಸರಕನ್ನೆಲ್ಲ ಇಳಿಸಿ, ಎರಡು ಮೂರು ಹುಣ್ಣಿಮೆ ಕಾದು, ಬೇಸತ್ತು ಬಡಗಣ ದಾರಿ ಹಿಡಿದರು. ವಾಲಜಿ ಹೋಗಲಿಲ್ಲ. ಹಡಗಿನ ಅಡಿಮರ ಕಲ್ಲಿನ ಬಿರುಕಿನಲ್ಲಿ ಕೂತಿತ್ತು, ಎಳೆದರೆ ಮುರಿಯುತ್ತಿತ್ತು. ಮರ ಬಿಚ್ಚಿ ಮಾರಿಬಿಡು ಎಂದು ಜನ ಹೇಳಿದರೂ ಅವನು ಒಪ್ಪಲಿಲ್ಲ. ತನ್ನ ಹಡಗನ್ನು ಬಿಟ್ಟು ಬೇರೆಯವರ ಹಡಗಿನಲ್ಲಿ ಮರಳಿದ ತಾಂಡೇಲನಿಗೆ ಅವರ ಊರಿನಲ್ಲಿ ಯಾರೂ ಮಣೆ ಹಾಕುತ್ತಿರಲಿಲ್ಲವಂತೆ. ವಾಲಜಿಯ ಹೆಂಡತಿ ಬಾಣಂತನದಲ್ಲೇ ತೀರಿಹೋಗಿದ್ದಳು. ಅಜ್ಜಿಯ ಬಳಿ ಬಿಟ್ಟು ಬಂದ ಮಗಳು ಆಗಿನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು.

ಮೊದಮೊದಲು ಬೀರಮ್ಮ ಅವನಿಗೆ ಗಂಜಿ ಒಯ್ದು ಕೊಟ್ಟಳು, ಅಷ್ಟೇ. ಆಮೇಲೆ ಕಡೆಯ ದೋಣಿ ದಾಟಿಸಿ ಬಂದು ಹಾಸಿನ ಅಂಚಿನಲ್ಲಿ ಕೂರುವುದು ರೂಢಿಯಾಯಿತು. ವಾಲಜಿ ಹರಕುಮುರುಕು ಕನ್ನಡದಲ್ಲಿ ಚಂದ್ರನ ವಿಷಯ ಹೇಳುತ್ತಿದ್ದ. ಸಮುದ್ರವನ್ನು ಚಂದ್ರ ತನ್ನ ಕಡೆಗೆ ಎಳೆಯುತ್ತಾನೆ, ಸೂರ್ಯನೂ ಎಳೆಯುತ್ತಾನೆ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಜಗ್ಗುವುದರಿಂದ ನೀರು ಮೇಲೇಳುತ್ತದೆ. ಅಷ್ಟಮಿಗೆ ಒಬ್ಬ ಅತ್ತ, ಒಬ್ಬ ಇತ್ತ. ಆಗ ನೀರಿಗೆ ಹುರುಪಿಲ್ಲ. ವರ್ಷದಲ್ಲಿ ನೀರು ಎಲ್ಲಕ್ಕಿಂತ ಹೆಚ್ಚು ಏರುವುದು ಮಹಾಲಯದ ಸುಮಾರಿಗೆ. ಚಂದ್ರ ಒಮ್ಮೆ ಹತ್ತಿರ ಬರುತ್ತಾನೆ, ಒಮ್ಮೆ ದೂರ ಸರಿಯುತ್ತಾನೆ. ಅವನು ತೀರ ಹತ್ತಿರ ಬಂದ ಅಮಾವಾಸ್ಯೆ ಮಹಾಲಯದ್ದೇ ಆದರೆ, ಅಂದು ತನ್ನ ಹಡಗು ಏಳುತ್ತದೆ.

"ಅವನು ನೀರನ್ನು ಮಾತ್ರ ಎಳೆಯುವುದೋ?" ಎಂದು ಅವಳು ಕೇಳಿದಳು.

"ಎಲ್ಲವನ್ನೂ. ಈ ಕಲ್ಲು, ನೀವು, ನಾನು. ನೀರು ಸಡಿಲ, ಹಾಗಾಗಿ ಕಾಣುತ್ತದೆ. ನಾವು ಗಟ್ಟಿ, ಕಾಣುವುದಿಲ್ಲ."

ಬೀರಮ್ಮ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಎದ್ದು ಹೋದಳು.

ಮಹಾಲಯಗಳು ಬಂದು ಹೋದವು. ಪ್ರತಿ ಸಲವೂ ನೀರು ಹಡಗಿನ ಹೊಟ್ಟೆಯನ್ನು ಮುಟ್ಟುತ್ತಿತ್ತು, ಎತ್ತುತ್ತಿರಲಿಲ್ಲ. ಎಷ್ಟು ಕಡಿಮೆ ಎಂದು ಕೇಳಿದರೆ ವಾಲಜಿ ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸುತ್ತಿದ್ದ: ಒಂದು ಗೇಣು. "ತಾಂಡೇಲ್ರೇ, ಈ ವರ್ಷ ನಿಮ್ಮ ಮನೆಗೆ ಹುಲ್ಲು ಹೊದಿಸ್ತೀರೋ, ಹೆಂಚೋ?" ಎಂದು ಮೀನುಗಾರರು ಕಿಚಾಯಿಸುತ್ತಿದ್ದರು. ಅದು ಸುಳ್ಳಲ್ಲ, ಹಡಗು ಮನೆಯೇ ಆಗಿತ್ತು. ಬೀರಮ್ಮ ಅಲ್ಲೊಂದು ಮಣ್ಣಿನ ಒಲೆ ಹೂಡಿದ್ದಳು, ನೀರಿಗೆ ಹಂಡೆಗಳನ್ನು ತಂದಿಟ್ಟಿದ್ದಳು, ಹಲಗೆಯ ಮೇಲೆ ಬುಟ್ಟಿಗಟ್ಟಲೆ ಮಣ್ಣು ಸುರಿದು ಬಸಳೆ ಹಬ್ಬಿಸಿದ್ದಳು. ಒಂದು ದಿನ ತವರಿನಿಂದ ಬಂದ ಒರಳುಕಲ್ಲನ್ನು ಹಡಗಿಗೆ ಇಳಿಸುವಾಗ ಅವಳ ಅಂಗಾಲಿಗೆ ಸತ್ಯ ತಿಳಿಯಿತು. ಆ ಗೇಣಿನ ಕೊರತೆ ಎಲ್ಲಿಂದ ಬರುತ್ತಿದೆ ಎಂದು ಅವಳು ಹೇಳಬಹುದಿತ್ತು. ವಾಲಜಿಯ ಕಣ್ಣು ಆಕಾಶದಲ್ಲಿತ್ತು. ಅವಳು ಒರಳನ್ನು ಮೂಲೆಗೆ ಸರಿಸಿ, ಅದರಲ್ಲೇ ಕಾಯಿ ರುಬ್ಬಿದಳು.

ಕೊನೆಗೆ ಒಂದು ವರ್ಷ, ಮಹಾಲಯಕ್ಕೆ ಹದಿನೈದು ದಿನ ಮೊದಲು ಬರುವ ಅನಂತನ ಹುಣ್ಣಿಮೆಯ ಸಂಜೆ, ವಾಲಜಿ ಅವಳನ್ನು ಕೂಗಿ ಕರೆದ. "ನೋಡಿ ಬೀರಬಾಯಿ, ಚಂದ್ರ ಎಷ್ಟು ಸಣ್ಣಗಿದ್ದಾನೆ! ಈಗ ಇಷ್ಟು ದೂರ ಇದ್ದವನು ಅಮಾವಾಸ್ಯೆಗೆ ತೀರ ಹತ್ತಿರ ಬರುತ್ತಾನೆ." ಮಗಳಿಗೆ ಈಗ ಲಂಗದ ಅಳತೆ ಎಷ್ಟಿರಬಹುದು ಎಂದು ಕೇಳಿದ. ಬೀರಮ್ಮ ತನ್ನ ಸೊಂಟದ ಮೇಲೆ ಕೈಯಿಟ್ಟು, ಆಮೇಲೆ ತುಸು ಮೇಲಕ್ಕೆ ಸರಿಸಿ ತೋರಿಸಿದಳು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ ಎನ್ನುತ್ತಾರೆ.

ಮಹಾಲಯ ಅಮಾವಾಸ್ಯೆಯ ದಿನ ನಡುಹಗಲಿನ ಹೊತ್ತಿಗೆ ಹೊಳೆ ಯಾರೂ ಕಂಡಿರದಷ್ಟು ತುಂಬಿತು. ಮೀನುಗಾರರು ತಮ್ಮ ದೋಣಿಗಳಲ್ಲಿ ಹಗ್ಗ ಹಿಡಿದು ಕಾದರು. ಹಡಗು ಅಲುಗಿತು, ನರಳಿತು, ಏಳಲಿಲ್ಲ. ವಾಲಜಿ ಚುಕ್ಕಾಣಿಯ ಮೇಲೆ ಹಣೆಯಿಟ್ಟು ಕೂತುಬಿಟ್ಟ. ಬೀರಮ್ಮ ನೀರಿನಲ್ಲಿ ನಡೆದು ಬಂದು ಹಡಗು ಹತ್ತಿದಳು. ಬಸಳೆಯನ್ನು ಬೇರುಸಹಿತ ಕಿತ್ತು ಮಣ್ಣನ್ನು ಹೊಳೆಗೆ ತಳ್ಳಿದಳು. ಒಲೆ ಒಡೆದಳು. ಹಂಡೆಗಳನ್ನು ಉರುಳಿಸಿದಳು. ಒರಳನ್ನು ಒಬ್ಬಳೇ ಹೊರಳಿಸಲಾಗದೆ, "ಎಂತ ನೋಡ್ತೀರಿ ಮಾರಾಯ್ರೇ, ಒಂದು ಕೈ ಹಾಕಿ!" ಎಂದು ಗದರಿದಳು. ಇಬ್ಬರೂ ಸೇರಿ ಅದನ್ನು ನೀರಿಗೆ ದೂಡಿದಾಗ ವಾಲಜಿಗೆ ಎಲ್ಲವೂ ತಿಳಿಯಿತು. ಅವನು ಸಿಟ್ಟಾಗಲಿಲ್ಲ. ಅಡಿಮರ ಬಿರುಕಿನಿಂದ ಸಡಿಲಗೊಂಡ ಸದ್ದು ಕೇಳಿಸಿತು. ಆದರೂ ಒಂದು ಕಡೆ ಇನ್ನೂ ಕಲ್ಲಿಗೆ ಉಜ್ಜುತ್ತಿತ್ತು, ನೀರು ತಿರುಗುವ ಹೊತ್ತಾಗಿತ್ತು.

"ನೀವು ಇಳಿಯಬೇಡಿ, ಬೀರಬಾಯಿ. ನನ್ನ ಜೊತೆ ಬನ್ನಿ."

"ನನ್ನ ಭಾರ ನಿಮಗೆ ಗೊತ್ತಿಲ್ಲ, ತಾಂಡೇಲ್ರೇ. ನನಗೆ ಗೊತ್ತುಂಟು."

ಅವಳು ಅಂಚು ಹಿಡಿದು ಎದೆಮಟ್ಟದ ನೀರಿಗೆ ಇಳಿದಳು. ಅವಳು ಕೈ ಬಿಟ್ಟ ಮೇಲೆಯೇ ಹಡಗು ಎದ್ದಿತು ಎನ್ನುತ್ತಾರೆ. ಇಳಿಯುವ ನೀರು ಅದನ್ನು ಅಳಿವೆಯಾಚೆಗೆ ಒಯ್ದಿತು. ವಾಲಜಿ ಮನೆ ಮುಟ್ಟಿದನೇ, ಮತ್ತೆ ಎಂದಾದರೂ ಈ ಕಡೆ ಬಂದನೇ ಎಂಬುದನ್ನು ಯಾರೂ ಹೇಳುವುದಿಲ್ಲ. ಬೀರಮ್ಮ ಇದೇ ತಾರಿಯಲ್ಲಿ ಮುದುಕಿಯಾದಳು ಎಂಬುದನ್ನಷ್ಟೇ ಹೇಳುತ್ತಾರೆ.

ಮಹಾಲಯ ಅಮಾವಾಸ್ಯೆಯ ದಿನ ಇಲ್ಲಿಗೆ ಬಂದವರು ಇಂದಿಗೂ ಒಂದು ಸಂಗತಿ ನೋಡಬಹುದು. ನಡುಹಗಲಿಗೆ ನೀರು ಪೂರ್ತಿ ಏರಿದಾಗ ಅಂಬಿಗರು ತಾರಿ ದೋಣಿಯಿಂದ ಎಲ್ಲರನ್ನೂ ಇಳಿಸುತ್ತಾರೆ. ಬುಟ್ಟಿ, ಸೈಕಲ್ಲು, ಕೋಳಿ ಒಂದನ್ನೂ ಬಿಡುವುದಿಲ್ಲ. ಅವಸರದಲ್ಲಿದ್ದವರು ಗೊಣಗುತ್ತಾರೆ. ಕಡೆಗೆ ದೋಣಿಯವನೂ ಇಳಿದು ದಡದಲ್ಲಿ ನಿಲ್ಲುತ್ತಾನೆ. ಬರಿದಾದ ದೋಣಿ ನೀರಿನಲ್ಲಿ ತುಸು ಮೇಲೇಳುತ್ತದೆ, ಸಮುದ್ರದ ಕಡೆಗೆ ಮುಖ ತಿರುಗಿಸಿ ಹಗ್ಗವನ್ನು ಜಗ್ಗುತ್ತದೆ. ನೀರು ತಿರುಗುವವರೆಗೂ ಅದನ್ನು ಯಾರೂ ಹತ್ತುವುದಿಲ್ಲ.