ನಾಲ್ಕೂವರೆ ಗಿಗಾಹರ್ಟ್ಸ್

ತಿಪ್ಪೇಶ ಕೇಳಿದ, "ಮೇಷ್ಟ್ರೇ, ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸಬೇಕಾದರೆ ಯಾವ ಮೆಮೊರಿ ಹಾಕಬೇಕು?"

ಹಾಲಸ್ವಾಮಿ ಮೇಷ್ಟ್ರು ಇಪ್ಪತ್ತು ವರ್ಷಗಳಿಂದ ಕಂಪ್ಯೂಟರ್ ಜೋಡಿಸುವ ವಿದ್ಯೆ ಕಲಿಸುತ್ತಿದ್ದರು. ತಿಪ್ಪೇಶನ ಜೊತೆಗೇ ಕಲಿಯಲು ಸೇರಿದ ಓಬಳೇಶನ ಯಂತ್ರ ಆ ವಾರ ಎಲ್ಲರದಕ್ಕಿಂತ ಮುಂದೆ ಓಡಿತ್ತು. ತಿಪ್ಪೇಶ ಆ ಮಾತು ಎತ್ತಲಿಲ್ಲ. ಮೇಷ್ಟ್ರೂ ಎತ್ತಲಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಧ್ವನಿಮುದ್ರಕನಿದ್ದ. ಜನರು ಮನೆಯಲ್ಲಿ ಉಳಿಸಿಕೊಂಡ ಹಳೆಯ ಕ್ಯಾಸೆಟ್ಟುಗಳನ್ನು ಅವನಲ್ಲಿಗೆ ತರುತ್ತಿದ್ದರು. ಅವನು ಅವುಗಳನ್ನು ಕಂಪ್ಯೂಟರಿಗೆ ಇಳಿಸಿ, ಗರಗರ ಸದ್ದು ತೆಗೆದು, ಸಿ.ಡಿ. ಮಾಡಿ ಕೊಡುತ್ತಿದ್ದ. ಅವನ ಕಿವಿ ಒಳ್ಳೆಯದಿತ್ತು. ಕೆಲಸ ನಿಧಾನ ಎಂದು ಯಾರೂ ದೂರಿದವರಿಲ್ಲ.

ಅದೇ ಬೀದಿಯಲ್ಲಿ ಅವನ ಗೆಳೆಯನೊಬ್ಬ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಿದ್ದ. ಇಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಪ್ರೊಸೆಸರ್ ಕೊಂಡಿದ್ದರು. ಅದರ ವೇಗ ಮೂರೂವರೆ ಗಿಗಾಹರ್ಟ್ಸ್. ಗೆಳೆಯ ಒಂದು ತಿಂಗಳು ಕೂತು, ಸ್ವಲ್ಪ ಸ್ವಲ್ಪವೇ ಏರಿಸುತ್ತ, ತನ್ನದನ್ನು ನಾಲ್ಕೂಕಾಲು ಗಿಗಾಹರ್ಟ್ಸ್‌ಗೆ ತಂದು ನಿಲ್ಲಿಸಿದ.

ಸುದ್ದಿ ಕೇಳಿದ ದಿನ ಧ್ವನಿಮುದ್ರಕ ಹೋಗಿ ಗೆಳೆಯನ ಬೆನ್ನು ತಟ್ಟಿ ಬಂದ. ಮನೆಗೆ ಬಂದು ತನ್ನ ಯಂತ್ರ ಹಚ್ಚಿದ. ನಿನ್ನೆಯವರೆಗೆ ಸಾಕಾಗಿದ್ದ ಯಂತ್ರ ಇಂದು ಕುಂಟುವಂತೆ ಕಂಡಿತು. ಬೀದಿಯಲ್ಲಿ ಯಾರಾದರೂ ನಕ್ಕರೆ ತನ್ನ ಯಂತ್ರವನ್ನು ಕಂಡೇ ನಕ್ಕರು ಎನ್ನಿಸಿತು. ಕ್ಯಾಸೆಟ್ಟಿನ ಕೆಲಸಕ್ಕೆ ಅಷ್ಟು ವೇಗ ಯಾಕೆ ಬೇಕು ಎಂದು ಹೆಂಡತಿ ಕೇಳಿದಳು. ಅವಳೂ ಗೆಳೆಯನ ಕಡೆಯವಳೇ ಎಂದುಕೊಂಡ.

ತಾನೂ ವೇಗ ಏರಿಸಲು ನೋಡಿದ. ಆ ಕಾಲದ ಯಂತ್ರಗಳಲ್ಲಿ ಪ್ರೊಸೆಸರಿನ ವೇಗ ಏರಿಸಿದರೆ ಮೆಮೊರಿಯ ವೇಗವೂ ಜೊತೆಯಲ್ಲೇ ಏರುತ್ತಿತ್ತು. ಅವನಲ್ಲಿದ್ದ ಹಳೆಯ ಮೆಮೊರಿ ಆ ಓಟಕ್ಕೆ ಹೆಜ್ಜೆ ಹಾಕಲಾರದೆ ನಾಲ್ಕು ಮುಟ್ಟುವ ಮೊದಲೇ ಯಂತ್ರ ಸ್ತಬ್ಧವಾಗುತ್ತಿತ್ತು. ಅವನು ಅಂಗಡಿಗೆ ಹೋದ.

ಅಂಗಡಿ ನಡೆಸುತ್ತಿದ್ದವಳು ಆ ವಿದ್ಯೆ ಬಲ್ಲ ಹೆಂಗಸು. ಅವನ ಗೆಳೆಯ ಸಾಧಾರಣ ವೇಗದ ಎರಡೇ ಮೆಮೊರಿ ಪಟ್ಟಿ ಒಯ್ದದ್ದನ್ನು ತಿಳಿಸಿ, ಅಂಥದೇ ಒಂದು ಜೋಡಿ ತೆಗೆದು ಮುಂದಿಟ್ಟಳು. ಅವನು ನಂಬಲಿಲ್ಲ. ಗೆಳೆಯ ಏನೋ ಮುಚ್ಚಿಟ್ಟಿದ್ದಾನೆ, ಇವಳೂ ಅದಕ್ಕೆ ಜೊತೆ ಎಂದೇ ಎಣಿಸಿದ. ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಬರೆದಿದ್ದ ಪಟ್ಟಿಗಳನ್ನು ತೋರಿಸಿ ನಾಲ್ಕು ಕೊಡು ಎಂದ.

ಅವಳು ಹೇಳಿದಳು, "ಅಣ್ಣ, ಇದರ ಮೇಲೆ ಬರೆದಿರುವುದು ಇದು ಎಷ್ಟು ಓಡಬಲ್ಲದು ಎಂದು. ನಿಮ್ಮ ಪ್ರೊಸೆಸರ್ ಇದನ್ನು ಎಷ್ಟು ಓಡಿಸಬಲ್ಲದು ಎಂಬುದು ಇದರ ಮೇಲೆ ಬರೆದಿಲ್ಲ. ಎರಡನ್ನು ಸಂಭಾಳಿಸುವಷ್ಟು ಸುಲಭವಾಗಿ ಅದು ನಾಲ್ಕನ್ನು ಸಂಭಾಳಿಸುವುದಿಲ್ಲ. ಏನೇ ಕೊಂಡರೂ ಒಂದು ಇಡೀ ದಿನ, ಲೆಕ್ಕ ಮಾಡಿಸಿ ತಪ್ಪು ಹುಡುಕುವ ಪರೀಕ್ಷೆಗೆ ಯಂತ್ರವನ್ನು ಬಿಡಿ. ಒಂದು ತಪ್ಪು ಬಂದರೂ ವೇಗ ಇಳಿಸಿ."

ತನ್ನನ್ನು ಹಿಂದೆ ಇಡಲು ಹೇಳುವ ಮಾತಿದು ಎಂದು ಅವನಿಗೆ ಕೇಳಿಸಿತು. ನಾಲ್ಕನ್ನೂ ತಂದು ಹಾಕಿದ.

ಯಂತ್ರ ನಾಲ್ಕು ದಾಟಿತು. ನಾಲ್ಕೂಕಾಲು ದಾಟಿತು. ನಾಲ್ಕೂವರೆಯಲ್ಲಿ ನಿಂತಿತು. ಪರದೆಯ ಮೇಲಿನ ಆ ಅಂಕಿಯನ್ನು ನೋಡುತ್ತ ಅವನು ಬಹಳ ಹೊತ್ತು ಕುಳಿತ. ಬೆಳಿಗ್ಗೆ ಪರೀಕ್ಷೆ ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ಕೆಂಪು ಅಕ್ಷರದಲ್ಲಿ ಒಂದು ತಪ್ಪು ತೋರಿಸಿತು. ಕೋಟಿ ಕೋಟಿ ಲೆಕ್ಕಗಳಲ್ಲಿ ಒಂದೇ ಒಂದು. ವೇಗ ಇಳಿಸುತ್ತ ಹೋದ. ನಾಲ್ಕೂಕಾಲಿಗೆ ಬಂದರೂ ತಪ್ಪು ಬಂತು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಬಂದಾಗ ಮಾತ್ರ ಪರೀಕ್ಷೆ ಸುಮ್ಮನೆ ನಡೆಯಿತು. ಅಂದರೆ ಗೆಳೆಯನಿಗಿಂತ ಒಂದು ಮೆಟ್ಟಿಲು ಕೆಳಗೆ.

ಅಲ್ಲಿ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಪರೀಕ್ಷೆಯನ್ನು ಮುಚ್ಚಿ, ಯಂತ್ರವನ್ನು ಮತ್ತೆ ನಾಲ್ಕೂವರೆಗೆ ಏರಿಸಿ, ಗೆಳೆಯನನ್ನು ಕರೆದ.

ಗೆಳೆಯ ಬಂದು ನೋಡಿದ. ಅವನ ಮುಖ ಅರಳಿತು. ನನ್ನದು ಇಷ್ಟು ಬರಲಿಲ್ಲ ನೋಡು ಎಂದು ಮನಸಾರೆ ಹೊಗಳಿದ. ಗೆಳೆಯನ ಮುಖ ಕಪ್ಪಿಡುವುದನ್ನು ನೋಡಲೆಂದೇ ಕಾದಿದ್ದ ಧ್ವನಿಮುದ್ರಕನಿಗೆ ಆ ಹೊಗಳಿಕೆ ಮುಳ್ಳಿನಂತೆ ಚುಚ್ಚಿತು.

"ಪರೀಕ್ಷೆ ಪೂರ್ತಿ ಆಯಿತಲ್ಲ?" ಎಂದು ಗೆಳೆಯ ಕೇಳಿದ.

"ಆಯಿತು" ಎಂದ.

ಆ ವಾರ ಒಬ್ಬ ಮುದುಕಿ ಕ್ಯಾಸೆಟ್ ತಂದಳು. ಅವಳ ತಾಯಿ ರಾಗಿ ಬೀಸುತ್ತ ಹಾಡಿದ ಹನ್ನೊಂದು ಹಾಡು ಅದರಲ್ಲಿದ್ದವು. ತಾಯಿ ತೀರಿ ಮೂವತ್ತು ವರ್ಷವಾಗಿತ್ತು. ಟೇಪು ಸವೆದು ಪುಡಿ ಉದುರುತ್ತಿತ್ತು. ಒಂದೇ ಸಲ ಓಡುತ್ತದೆ, ಎರಡನೆಯ ಸಲಕ್ಕೆ ಉಳಿಯುವುದಿಲ್ಲ ಎಂದು ಅವನಿಗೆ ನೋಡಿದೊಡನೆ ತಿಳಿಯಿತು. ಹಳೆಯ ವೇಗಕ್ಕೆ ಇಳಿಸಿ ಮುದ್ರಿಸಿಕೊಳ್ಳೋಣವೇ ಎಂದು ಕೈ ಒಮ್ಮೆ ತಡೆಯಿತು. ಅಷ್ಟರಲ್ಲಿ ಎದುರು ಬದಿಯಲ್ಲಿ ಗೆಳೆಯನ ನಗು ಕೇಳಿಸಿತು. ವೇಗ ಇಳಿಸಲಿಲ್ಲ. ಟೇಪು ಓಡಿಸಿದ. ಕೊನೆಯ ಹಾಡು ಮುಗಿಯುವಾಗ ಅದು ತುಂಡಾಯಿತು. ಎಲ್ಲವೂ ಒಳಗೆ ಬಂದಿದೆ ಎಂದುಕೊಂಡು ಕಡತವನ್ನು ಒತ್ತಿ ಚಿಕ್ಕದು ಮಾಡಿ ಎತ್ತಿಟ್ಟ.

ಎರಡು ದಿನ ಬಿಟ್ಟು ಕಡತ ತೆರೆದ. ಮೊದಲ ಹಾಡಿನ ನಡುವೆ ಬಟ್ಟೆ ಹರಿದಂಥ ಸದ್ದು ಬಂತು. ಎರಡನೆಯದರಲ್ಲಿ ದನಿ ಇಲ್ಲ. ಆಮೇಲಿನವು ತೆರೆಯಲೇ ಇಲ್ಲ. ಆ ಒಂದು ಕೆಂಪು ತಪ್ಪು ಯಾರಿಗೂ ಕಾಣದಂತೆ ಒಳಗೊಳಗೇ ಸಾವಿರವಾಗಿತ್ತು.

ಅವನು ಆ ಕಡತ ಹಿಡಿದು ಗೆಳೆಯನ ಬಳಿಗೇ ಹೋದ. ಹೋಗಲು ಬೇರೆ ಕಡೆ ಇರಲಿಲ್ಲ. ಗೆಳೆಯ ಕಡತ ತೆಗೆದುಕೊಂಡ. ತನ್ನ ಕೆಲಸ ಬದಿಗಿಟ್ಟು ಮೂರು ದಿನ ಕುಳಿತು ಹರಿದದ್ದನ್ನು ಹೆಕ್ಕಿ ಹೆಕ್ಕಿ ಸೇರಿಸಿದ. ಹನ್ನೊಂದರಲ್ಲಿ ಮೂರು ಹಾಡು ಉಳಿದವು.

ಮುದುಕಿ ಬಂದಾಗ ಧ್ವನಿಮುದ್ರಕ ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಡೆದದ್ದನ್ನು ಮುಚ್ಚದೆ ಹೇಳಿದ. ಅವಳು ತುಂಡಾದ ಟೇಪನ್ನು ಮಡಿಲಲ್ಲಿ ಹಾಕಿಕೊಂಡು ಮೂರು ಹಾಡನ್ನೂ ಕೇಳಿದಳು. ನಾಲ್ಕನೆಯದಕ್ಕೆ ಎಂಬಂತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅಂದಳು, "ನನ್ನನ್ನು ತೊಟ್ಟಿಲಲ್ಲಿ ತೂಗಿದ ಹಾಡು ಇದರಲ್ಲಿ ಇಲ್ಲಪ್ಪ."

ಅವಳು ಎದ್ದು, ಆ ಮೂರನ್ನು ಉಳಿಸಿಕೊಟ್ಟ ಗೆಳೆಯನ ಕಡೆ ತಿರುಗಿ ಕೈ ಮುಗಿದಳು.

ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿದರು. ತಿಪ್ಪೇಶ ಕೇಳಿದ, "ಮೇಷ್ಟ್ರೇ, ಅದೇ ಪ್ರೊಸೆಸರು, ಸಾಧಾರಣ ಮೆಮೊರಿ. ಆ ಗೆಳೆಯನದು ಮಾತ್ರ ನಾಲ್ಕೂಕಾಲು ಹೇಗೆ ಓಡಿತು?"

ಮೇಷ್ಟ್ರು ಹೇಳಿದರು, "ಆ ಮುದುಕಿ ಕೈ ಮುಗಿದು ನಿಂತಾಗ ಧ್ವನಿಮುದ್ರಕ ಯೋಚಿಸುತ್ತಿದ್ದದ್ದೂ ಇದನ್ನೇ."