ಮೂಡ್ಲಗಿರಿ ಮದುವೆ ಕಾರಿಗೆ ಎಂಜಿನ್ ಕೂರಿಸಿದ್ದು

ಹೂಂ ಅನ್ನೋರಿದ್ದರೆ ಈ ಕತೆ ಓಡ್ತದೆ. ಹೂಂ ಅನ್ನದಿದ್ದರೆ ಕಾಟಮ್ಮನ ಕಾರಿನಂಗೆ ನಡುದಾರೀಲೇ ನಿಂತ್ಕಳ್ತದೆ. ಅಂತೀರಲ್ಲ? ಸರಿ.

ಕಾಟಮ್ಮನಿಗೆ ಆಸರೆ ಅಂತ ಇದ್ದದ್ದು ಎರಡೇ. ಒಂದು, ಸತ್ತ ಗಂಡನ ಬಿಳೀ ಅಂಬಾಸಿಡರ್ ಕಾರು. ಇನ್ನೊಂದು, ಮಗ ಮೂಡ್ಲಗಿರಿ. ಎರಡೂ ದಪ್ಪ, ಎರಡೂ ಸಾಧು, ಎರಡೂ ತಳ್ಳದೆ ಹೊರಡುತ್ತಿರಲಿಲ್ಲ.

ಸುತ್ತಿನ ಹಳ್ಳಿಗಳ ಮದುವೆ ಗಂಡುಗಳೆಲ್ಲ ಆ ಕಾರಲ್ಲೇ ಮೆರವಣಿಗೆ ಹೋದೋರು. ಅದರ ಬಾಡಿಗೇಲೇ ತಾಯಿ ಮಗನ ಹೊಟ್ಟೆ ತುಂಬುತ್ತಿತ್ತು. ಒಂದು ದಿನ ಕಾರು ಕೆಮ್ಮಿತು, ಹೊಗೆ ಉಗುಳಿತು, ನಿಂತಿತು. ಮೆಕ್ಯಾನಿಕ್ ಖಲಂದರ್ ಸಾಬ್ರು ಬಾನೆಟ್ ಎತ್ತಿ ನೋಡಿ ಟೋಪಿ ತೆಗೆದರು.

"ಕಾಟಕ್ಕ, ಈ ಎಂಜಿನ್ ಕತೆ ಮುಗೀತು. ಸಾಮಾನು ಸಿಗಲ್ಲ, ಸಿಕ್ಕಿದ್ರೂ ನಿನ್ನ ಕೈಲಾಗಲ್ಲ. ಗುಜರೀಲಿ ಒಂದು ಹೊಸ ಕಾಲದ ವ್ಯಾನು ಮೂತಿ ಜಜ್ಜಿಸ್ಕಂಡು ಬಿದ್ದೈತೆ. ಅದರ ಎಂಜಿನ್ ತಂದು ಇದಕ್ಕೆ ಕೂರಿಸಿದ್ರೆ ಕುದುರೆ ಆಗ್ತದೆ."

"ಬರೋ ಸೋಮವಾರ ಪಾತಲಿಂಗಪ್ಪನ ಮಗನ ಮದ್ವೆ, ಒಪ್ಕಂಡಿದ್ದೀನಿ ಸಾಬ್ರೇ! ಈ ಮದ್ವೆ ಒಂದು ತಪ್ಪಿದ್ರೆ ನಾಳೆಯಿಂದ ಯಾರೂ ಕರಿಯಲ್ಲ. ಆಮೇಲೆ ಕಾರೇ ಗುಜರಿಗೆ!"

"ಅದಕ್ಕೇ ಬೇಗ ಆಗ್ಲಿ ಅನ್ನೋದು."

ಕಾಟಮ್ಮ ಎರಡು ಮೇಕೆ ಮಾರಿದಳು. ಮಗನನ್ನ ಕರೆದಳು. ಸಾಬ್ರು ಅವನಿಗೆ ಬೆರಳು ಮಡಿಚಿ ಹೇಳಿದರು. "ಗುಜರಿಯೋರು ಬೇಡದ್ದೆಲ್ಲ ತಲೆಗೆ ಕಟ್ತಾರೆ ಕಣ್ಲಾ. ಎಂಜಿನ್ನು, ಗೇರ್‌ಬಾಕ್ಸು. ಎರಡೇ! ಬೇರೆ ಏನು ಕೊಟ್ರೂ ಈಸ್ಕಬ್ಯಾಡ."

"ಆಯ್ತು, ಹಂಗೇ ಮಾಡ್ತೀನಿ," ಅಂದ ಮೂಡ್ಲಗಿರಿ.

ಹೋದ. ಗುಜರಿಯವನು ಎಂಜಿನ್ ಬಿಚ್ಚಿಕೊಟ್ಟ, ಗೇರ್‌ಬಾಕ್ಸು ಕೊಟ್ಟ, ಅದರ ವೈರಿನ ಗೊಂಚಲು, ಕಂಪ್ಯೂಟರ್ ಡಬ್ಬಿ ತಂದು ಮುಂದೆ ಹಿಡಿದ. "ತಗಳಪ್ಪ, ಇದೂ ಇದರದ್ದೇ. ಸುಮ್ನೆ ತಗ."

"ಹೋಗಯ್ಯ! ನನ್ನ ತಲೆಗೆ ಕಟ್ತೀಯಾ?" ಅಂತ ಮೂಡ್ಲಗಿರಿ ಅವನಿಗೇ ಕಣ್ಣು ಬಿಟ್ಟು ಬಂದ.

ಸಾಬ್ರು ಎಂಜಿನ್ ಸುತ್ತ ಎರಡು ಸುತ್ತು ಬಂದರು. "ವೈರೆಲ್ಲೋ? ಡಬ್ಬಿ ಎಲ್ಲೋ?"

"ಕೊಡಕ್ಕೆ ಬಂದ ಸಾಬ್ರೇ. ನಾನು ಬಿಡ್ತೀನಾ? ಬೈದು ಬಂದೆ."

"ಯಾ ಅಲ್ಲಾ! ಹೊಸ ಎಂಜಿನ್ನಿಗೆ ಆ ಡಬ್ಬೀನೇ ತಲೆ ಕಣೋ! ತಲೆ ಬಿಟ್ಟು ಮುಂಡ ತಂದಿದ್ದೀಯ!"

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ!" ಅಂದಳು ಕಾಟಮ್ಮ. "ಒಂದು ವಸ್ತು ತರಕ್ಕೆ ಹೋದ್ರೆ, ಅದಕ್ಕೆ ಏನೇನು ಅಂಟ್ಕಂಡಿರ್ತದೋ ಎಲ್ಲಾ ಸೇರಿಸಿ ತರಬೇಕು!"

"ಆಯ್ತವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಸಾಬ್ರೇ ಸ್ಕೂಟರ್ ಹತ್ತಿ ಹೋಗಿ ವೈರು, ಡಬ್ಬಿ ತಂದರು. ಹಳೇ ಎಂಜಿನ್ ಎತ್ತಬೇಕು, ಹೊಸದು ಇಳಿಸಬೇಕು. ಅದಕ್ಕೆ ಸರಪಣಿ ರಾಟೆ ಬೇಕು. ಅದು ವೆಲ್ಡಿಂಗ್ ನಂಜಾಚಾರಿ ಶೆಡ್ಡಲ್ಲಿ ಇತ್ತು. "ಹೋಗಿ ರಾಟೆ ಕೇಳಿ ಈಸ್ಕಂಡು ಬಾ," ಅಂದರು.

ಹೋದ. ನಂಜಾಚಾರಿ ಊಟಕ್ಕೆ ಕೂತಿದ್ದ. "ಒಳಗೆ ನೇತಾಡ್ತೈತೆ, ತಗಂಡೋಗು," ಅಂದ. ಮೂಡ್ಲಗಿರಿ ನೋಡಿದ. ರಾಟೆ ತೊಲೆಗೆ ಅಂಟಿಕೊಂಡಿತ್ತು. ತೊಲೆ ತಗಡಿಗೆ ಅಂಟಿಕೊಂಡಿತ್ತು. ತೊಲೆಯ ಇನ್ನೊಂದು ತುದೀಲಿ ಒಂದು ಬುಟ್ಟಿ, ಬುಟ್ಟೀಲಿ ಕಾವಿಗೆ ಕೂತ ಕೋಳಿ.

ಮೂಡ್ಲಗಿರಿ ತೋಳು ಮಡಿಚಿದ.

ಸ್ವಲ್ಪ ಹೊತ್ತಿಗೆ ಊರ ಬೀದೀಲಿ ಎತ್ತಿನ ಗಾಡಿ ಬಂತು. ಗಾಡಿ ಮೇಲೆ ರಾಟೆ, ರಾಟೆಗೆ ತೊಲೆ, ತೊಲೆ ಮೇಲೆ ತಗಡು, ತಗಡಿನ ಮೇಲೆ ಬುಟ್ಟಿ, ಬುಟ್ಟೀಲಿ ಕೋಳಿ. ಗಾಡಿ ಹಿಂದೆ ಎಂಜಲು ಕೈಯಲ್ಲಿ ಓಡಿ ಬರ್ತಿದ್ದ ನಂಜಾಚಾರಿ.

"ನನ್ ಶೆಡ್ಡು! ನನ್ ಶೆಡ್ಡು ಕಿತ್ಕಂಡು ಹೋಗ್ತಾವ್ನೆ! ಹಿಡೀರಿ!"

"ಕೋಳಿ ಮೊಟ್ಟೆ ಮೇಲಿಂದ ಎದ್ದೇ ಇಲ್ಲ ಆಚಾರ್ರೇ, ಬೇಕಾದ್ರೆ ಎಣಿಸ್ಕಳಿ," ಅಂದ ಮೂಡ್ಲಗಿರಿ.

"ಗುಂಡುಕಲ್ಲೇ!" ಅಂತ ಕಾಟಮ್ಮ ಹಣೆ ಚಚ್ಚಿಕೊಂಡಳು. "ಬೇಕಾದ್ದು ಒಂದನ್ನ ಬಿಡಿಸ್ಕಂಡು, ಮಿಕ್ಕಿದ್ದು ಎಲ್ಲಿತ್ತೋ ಅಲ್ಲೇ ಬಿಟ್ಟು ಬರಬೇಕು ಕಣೋ!"

"ಆಯ್ತವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಶೆಡ್ಡಿಗೆ ಮತ್ತೆ ಮಾಡು ಹೊದಿಸಿ ಮುಗಿಸೋಕೆ ಒಂದಿಡೀ ದಿನ ಹೋಯಿತು. ಮದುವೆಗೆ ಇನ್ನು ಮೂರೇ ದಿನ. ಎಂಜಿನ್ ಅಂತೂ ಕೂತಿತು. ಅಲ್ಲಿ ಇಲ್ಲಿ ಕೊಯ್ದು, ಪಟ್ಟಿ ಬೆಸೆದು, ಹಳೇ ಚಕ್ರಕ್ಕೂ ಹೊಸ ಗೇರ್‌ಬಾಕ್ಸಿಗೂ ಸಂಬಂಧ ಮಾಡಿಸಿದರು. ಉಳಿದದ್ದು ವೈರಿಂಗು. "ಪೇಟೆಗೆ ಹೋಗಿ ವೈರಿಂಗ್ ತಿಪ್ಪೇಶೀನ ಕರ್ಕಂಡು ಬಾ," ಅಂದರು ಸಾಬ್ರು.

ಹೋದ. ತಿಪ್ಪೇಶಿ ಕ್ಷೌರದಂಗಡೀಲಿ ಕೂತಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬ ನೊರೆ. ಕನ್ನಡಕ ಗೂಟದ ಮೇಲೆ, ಚೀಲ ಗೋಡೆ ಮೊಳೇಲಿ, ಚಪ್ಪಲಿ ಬಾಗಿಲಲ್ಲಿ. ಬೇಕಾದ್ದು ತಿಪ್ಪೇಶಿ ಒಂದೇ. ಮೂಡ್ಲಗಿರಿ ಅದೊಂದನ್ನ ಬಿಡಿಸಿಕೊಂಡು ಹೆಗಲ ಮೇಲೆ ಹಾಕಿಕೊಂಡು ಬಂದ.

"ಇಳಿಸೋ ನನ್ನ! ಸಾಬ್ರೇ, ಇದು ಕೆಂಪೋ ಹಸಿರೋ? ನನಗೆ ಕನ್ನಡಕ ಇಲ್ದೆ ವೈರೆಲ್ಲ ಶಾವಿಗೆ!"

"ನಿನ್ನ ಬುದ್ಧಿಗೆ ಬೆಂಕಿ ಹಾಕ!" ಅಂದಳು ಕಾಟಮ್ಮ. "ಅಣ್ಣಂಗೆ ಬೆಲ್ಲದ ಕಾಫಿ ಕೊಡ್ತೀನಿ, ಓಡು, ಕನ್ನಡಕ ತಗಂಬಾ. ಕ್ಷೌರ ಮುಗಿಯೋದನ್ನೂ ನೋಡದೆ ಹೊತ್ಕಂಡು ಬಂದಿದ್ದೀಯಲ್ಲ, ಇನ್ನೊಂದು ಹೇಳ್ತೀನಿ ಕೇಳು. ಒಂದು ಕೆಲಸ ನಡೀತಿರುವಾಗ ಅದರ ಮೇಲಿಂದ ಕಣ್ಣು ಕೀಳಬಾರದು! ಮುಗಿಯೋಗಂಟ ಅದನ್ನೇ ನೋಡ್ತಿರಬೇಕು!"

"ಆಯ್ತವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

ಭಾನುವಾರ ಮಧ್ಯಾಹ್ನ ತಿಪ್ಪೇಶಿ ಕೀಲಿ ತಿರುಗಿಸಿದ. ಕಾರು ಕೆಮ್ಮಲಿಲ್ಲ, ಉಗುಳಲಿಲ್ಲ. ಬೆಕ್ಕಿನ ಹಂಗೆ ಗುರ್ ಅಂತು. ಕಾಟಮ್ಮ ಕಣ್ಣು ಒರೆಸಿಕೊಂಡು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಓಡಿಸೋ ಕೆಲಸ ಮಾತ್ರ ಮೂಡ್ಲಗಿರಿಗೆ ಅಪ್ಪ ಚೆನ್ನಾಗಿ ಕಲಿಸಿದ್ದ.

"ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿ ಬಾ," ಅಂದರು ಸಾಬ್ರು. "ಎಂಜಿನ್ ಬಿಸಿ ತೋರಿಸೋ ಮುಳ್ಳು ಐತಲ್ಲ, ಅದು ಏಳ್ತದಾ ನೋಡು."

ಮೂಡ್ಲಗಿರಿ ನೋಡಿದ. ನಿಂಬೆಹಣ್ಣು ಹಿಚುಕಿದಾಗಲೂ ಮುಳ್ಳನ್ನೇ ನೋಡಿದ. ಏರಿ ಬಂತು, ಮುಳ್ಳು ನೋಡಿದ. ತಿರುವು ಬಂತು, ಮುಳ್ಳು ನೋಡಿದ. ಸಾಬ್ರು ಓಡಿ ಹೋಗೋ ಹೊತ್ತಿಗೆ ಕಾರು ಏರಿ ಇಳಿದು ಕೆರೆ ಅಂಚಲ್ಲಿ, ಅರ್ಧ ಚಕ್ರ ನೀರಲ್ಲಿ, ಎಮ್ಮೆಗಳ ನಡುವೆ ನಿಂತಿತ್ತು.

"ಮುಳ್ಳು ಎದ್ದಿಲ್ಲ ಸಾಬ್ರೇ!" ಅಂತ ಕಿಟಕಿಯಿಂದ ಕೂಗಿದ. "ತಣ್ಣಗೈತೆ!"

ಎಮ್ಮೆ ಕಟ್ಟಿ ಎಳೆಸಿದರು. ದೇವರು ದೊಡ್ಡೋನು, ಏನೂ ಮುರಿದಿರಲಿಲ್ಲ. ಸಾಬ್ರು ಅವನ ಎರಡೂ ಕಿವಿ ಹಿಡಿದರು. "ಮುಂದೆ ನೋಡೋ, ಮುಂದೆ! ನಾಳೆ ಮೆರವಣಿಗೇಲಿ ನಿನ್ನ ಮುಂದೆ ಬ್ಯಾಂಡಿನೋರು ಇರ್ತಾರೆ. ಅವರ ಬೆನ್ನು ಬಿಡಬ್ಯಾಡ. ನಡೆದ್ರೆ ನಡಿ, ನಿಂತ್ರೆ ನಿಲ್ಲು. ತಿಳೀತಾ?"

"ತಿಳೀತು ಸಾಬ್ರೇ. ಹಂಗೇ ಮಾಡ್ತೀನಿ."

ಸೋಮವಾರ ಬೆಳಗ್ಗೆ ಕಾರಿಗೆ ಮೈತುಂಬ ಸೇವಂತಿಗೆ. ಹಿಂದಿನ ಸೀಟಲ್ಲಿ ಬಾಸಿಂಗ ಕಟ್ಟಿ, ಮುಖದ ತುಂಬ ಹೂವಿನ ಎಳೆ ಇಳಿಬಿಟ್ಟುಕೊಂಡು ಪಾತಲಿಂಗಪ್ಪನ ಮಗ ಓಂಕಾರ. ಮುಂದೆ ಬ್ಯಾಂಡು. ಬ್ಯಾಂಡು ನಡೆಯಿತು, ಕಾರು ನಡೆಯಿತು. ಬ್ಯಾಂಡು ನಿಂತು ಕುಣಿಯಿತು, ಕಾರು ನಿಂತು ಗುರುಗುಟ್ಟಿತು. ಕಾಟಮ್ಮ ಹೆಮ್ಮೆಯಿಂದ ಪಕ್ಕದಲ್ಲೇ ನಡೆದಳು. ಛತ್ರ ಬಂತು.

ಹೆಣ್ಣಿನ ಕಡೆಯೋರು ಆರತಿ ತಂದು ಬೆಳಗೋಗಂಟ ಗಂಡು ಕಾರಿಂದ ಕಾಲು ಕೆಳಗಿಡೋ ಹಂಗಿಲ್ಲ. ಅವರು ಆರತಿ ತರೋಕೆ ಒಳಗೆ ಹೋದರು, ಕಾಟಮ್ಮನೂ ನೀರು ಕುಡಿಯೋಕೆ ಅವರ ಹಿಂದೆ ಹೋದಳು. ಬ್ಯಾಂಡಿನೋರಿಗೆ ಅವತ್ತೇ ಹನ್ನೆರಡು ಕಿಲೋಮೀಟರ್ ಆಚೆ ಹುಣಸೇಪಾಳ್ಯದಲ್ಲಿ ಇನ್ನೊಂದು ಮದುವೆ. ದಬದಬ ಟೆಂಪೋ ಹತ್ತಿದರು. ಟೆಂಪೋ ಹೊರಟಿತು.

ಕಾರೂ ಹೊರಟಿತು.

"ನಿಲ್ಸೋ!" ಅಂದ ಓಂಕಾರ.

"ಬ್ಯಾಂಡಿನೋರು ನಿಲ್ಲಲಿ ಸ್ವಾಮಿ!"

ಹಳೇ ಎಂಜಿನ್ ಆಗಿದ್ದರೆ ಊರ ಬಾಗಿಲಲ್ಲೇ ಟೆಂಪೋ ಕಳೆದುಹೋಗ್ತಿತ್ತು. ಇದು ಹೊಸದು. ಟೆಂಪೋ ಎಷ್ಟೋ ಅಷ್ಟು, ಬೆನ್ನು ಬಿಡಲಿಲ್ಲ.

ಆರತಿ ಅಣಿ ಮಾಡೋಕೆ ಅರ್ಧ ಗಂಟೆ ಹಿಡಿಯಿತು. ತಟ್ಟೆ ಹಿಡಿದು ಛತ್ರದ ಮುಂದೆ ಬಂದ ಹೆಂಗಸರು ಖಾಲಿ ರಸ್ತೆ ನೋಡಿದರು. "ಕಾಟಮ್ಮಾ!" ಅಂತ ಪಾತಲಿಂಗಪ್ಪ ಗುಡುಗಿದ. "ಮುಹೂರ್ತಕ್ಕೆ ಮುಕ್ಕಾಲು ಗಂಟೆ! ನನ್ನ ಮಗ ಎಲ್ಲಿ?"

ಮದುವೆಗೆ ಬಂದಿದ್ದ ಸಾಬ್ರು ಮೂಡ್ಲಗಿರಿಗೆ ಫೋನ್ ಹಚ್ಚಿ ಕಾಟಮ್ಮನ ಕೈಗಿಟ್ಟರು.

"ಎಲ್ಲಿದ್ದೀಯೋ?"

"ಹುಣಸೇಪಾಳ್ಯ ಅವ್ವಾ. ಬ್ಯಾಂಡಿನೋರು ತಿಂಡಿಗೆ ಕೂತವ್ರೆ. ಅವರೆದ್ರೆ ನಾನೂ ಏಳ್ತೀನಿ."

"ಬ್ಯಾಂಡು ಹಾಳಾಗೋಗ್ಲಿ! ಈಗ ನಾನು ಹೇಳಿದ್ದು ಕೇಳು. ಮದ್ವೆ ಗಂಡನ್ನ ಕಾರಲ್ಲಿ ಕೂರಿಸ್ಕ, ಬಾಗಿಲು ಹಾಕು, ಯಾರು ಏನಂದ್ರೂ ತಿರುಗಿ ನೋಡದೆ ಬಾ!"

ಆ ಕಡೆ ಒಂದು ಗಳಿಗೆ ಗಲಾಟೆ ಕೇಳಿಸಿತು. "ಕೂರಿಸ್ಕಂಡೆ ಅವ್ವಾ, ಹೊರಟೆ!"

ಬಂತು ನೋಡಿ ಕಾರು! ಸೇವಂತಿಗೆ ಉದುರಿಸಿಕೊಂಡು, ಧೂಳೆಬ್ಬಿಸಿಕೊಂಡು, ಬಾಣದ ಹಂಗೆ ಬಂತು. ಪಾತಲಿಂಗಪ್ಪ ಗಡಿಯಾರ ನೋಡಿದ, ಕಾರು ನೋಡಿದ, ಮತ್ತೆ ಗಡಿಯಾರ ನೋಡಿದ. "ಇನ್ನೂ ಇಪ್ಪತ್ತು ನಿಮಿಷ ಐತೆ! ಕಾಟಮ್ಮ, ಈ ಕಾರನ್ನ ಗುಜರಿಗೆ ಗಿಜರಿಗೆ ಹಾಕ್ಬಿಟ್ಟೀಯ! ನನ್ನ ಕಿರೀ ಮಗನ ಮದ್ವೆಗೂ ಇದೇ ಬರ್ಬೇಕು!"

ಕಾಟಮ್ಮನ ಎದೆಯಿಂದ ಬಂಡೆ ಇಳಿಯಿತು. ಮಗನ ಕೆನ್ನೆ ಸವರಿದಳು. ಹೆಣ್ಣಿನ ಸೋದರತ್ತೆ ಆರತಿ ಹಿಡಿದು ಬಂದಳು. ಕಾಟಮ್ಮ ನಗುನಗುತ್ತಾ ಹಿಂದಿನ ಬಾಗಿಲು ತೆಗೆದಳು.

ಒಳಗೆ ಎರಡು ಬಾಸಿಂಗ. ಎರಡು ಪೇಟ. ಎರಡು ಜೊತೆ ಹೆದರಿದ ಕಣ್ಣು.

"ಇದರಲ್ಲಿ ನಮ್ಮದು ಯಾವುದು ಕಾಟಕ್ಕ?" ಅಂದಳು ಹೆಣ್ಣಿನ ಸೋದರತ್ತೆ.

"ಈವಯ್ಯ ಯಾರ್ಲಾ?" ಅಂತ ಕಿರುಚಿದಳು ಕಾಟಮ್ಮ.

"ನೀನೇ ಹೇಳ್ದೆಯಲ್ಲವ್ವಾ, ಮದ್ವೆ ಗಂಡನ್ನ ಕೂರಿಸ್ಕಂಡು ಬಾ ಅಂತ," ಅಂದ ಮೂಡ್ಲಗಿರಿ. "ನಮ್ಮೋರು ಆಗ್ಲೇ ಕೂತಿದ್ರು. ಅಲ್ಲಿ ನಿಂತಿದ್ದ ಗಂಡು ಇವರೊಬ್ಬರೇ!"